ಹಾಡು ಬಂದಿತು, ಹೆಸರು ಬರಲಿಲ್ಲ

ಮನೆ ಬದಲಾಯಿಸುವ ಕಷ್ಟ ಎಂಥದೆಂದು ಬೆಂಗಳೂರಿನಲ್ಲಿ ಬಾಡಿಗೆಗಿರುವವರಿಗೆ ಯಾರೂ ಹೇಳಿಕೊಡಬೇಕಾದುದಿಲ್ಲ. ಹಳೆಯ ಮನೆಯಲ್ಲಿ ಎಣಿಸಿ ಕಟ್ಟಿದ ಗಂಟುಗಳು ಹೊಸ ಮನೆಯಲ್ಲಿ ಬಿಚ್ಚುವಾಗ ಒಂದು ಕಡಮೆಯಾಗಿರುತ್ತವೆ. ಒರಳು ಬಂದಿದ್ದರೆ ಗುಂಡು ಬಂದಿರುವುದಿಲ್ಲ. ಈ ಅನುಭವ ನನಗೆ ನಾಲ್ಕಾರು ಸಲ ಆಗಿದೆ. ಆದರೆ ಹೊಸಿಲು ದಾಟದೆ, ಒಂದೇ ಮೇಜಿನ ಎಡಗಡೆಯಿಂದ ಬಲಗಡೆಗೆ ಸಾಮಾನು ಸಾಗಿಸುವಾಗಲೂ ಹೀಗೆಯೇ ಆಗುತ್ತದೆಂಬುದು ಮಾತ್ರ ಕಳೆದ ತಿಂಗಳು ತಿಳಿಯಿತು. ಎಡಗಡೆಗಿದ್ದುದು ನನ್ನ ಹಳೆಯ ಕಂಪ್ಯೂಟರು, ಬಲಗಡೆಗಿದ್ದುದು ಹೊಸದು. ಸಾಗಿಸಬೇಕಾಗಿದ್ದುದು ನಾನು ಇಪ್ಪತ್ತು ವರ್ಷಗಳಿಂದ ಕೂಡಿಟ್ಟ ಸಂಗೀತ.

ಈ ಆಸ್ತಿ ದೊಡ್ಡದೇನೂ ಅಲ್ಲ. ಒಂಬತ್ತು ಸಾವಿರ ಚಿಲ್ಲರೆ ಫೈಲುಗಳು. ಗಣಕದ ಲೆಕ್ಕದಲ್ಲಿ ತೂಗಿದರೆ ಸುಮಾರು 90 ಗಿಗಾಬೈಟು. ಹೆಚ್ಚಿನ ಪಾಲು ನಾನು ದುಡ್ಡು ಕೊಟ್ಟು ತಂದ ಸಿ.ಡಿ.ಗಳಿಂದ ಇಳಿಸಿಕೊಂಡದ್ದು: ಮಲ್ಲಿಕಾರ್ಜುನ ಮನಸೂರರ ಗಾಯನ, ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆ ಇತ್ಯಾದಿ. ಇನ್ನೊಂದು ಪಾಲು ನಮ್ಮ ಸೋದರಮಾವ ಕೋಟೆ ಹೈಸ್ಕೂಲು ಮೈದಾನದ ರಾಮೋತ್ಸವದ ಚಪ್ಪರದಡಿಯಲ್ಲಿ ಕ್ಯಾಸೆಟ್ ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡು ಹಿಡಿದು ತಂದ ಕಚೇರಿಗಳು. ಅದರೊಳಗೆ ಕೆಮ್ಮು, ಮಗುವಿನ ಅಳು, ಪಕ್ಕದವರ ಅಪಸ್ವರದ ಗುನುಗು ಎಲ್ಲವೂ ಉಂಟು. ಕೊನೆಯದಾಗಿ ಒಂದೇ ಒಂದು ಕ್ಯಾಸೆಟ್ಟು: 1983ರ ಗೌರೀಹಬ್ಬದ ಸಂಜೆ ನಮ್ಮ ತಾಯಿ ಹಾಡಿದ ಹದಿನಾಲ್ಕು ಸಂಪ್ರದಾಯದ ಹಾಡುಗಳು. ಹಸೆಗೆ ಕರೆಯುವ ಹಾಡು, ಆರತಿಯ ಹಾಡು, ಉರುಟಣೆಯ ಹಾಡು. ಆಕೆ ಸಭೆಯಲ್ಲಿ ಕುಳಿತು ಹಾಡಿದವಳಲ್ಲ. ಅಡಿಗೆಮನೆಯಲ್ಲಿ ಹಾಡುತ್ತಿದ್ದವಳನ್ನು ಮಾವ ಒತ್ತಾಯ ಮಾಡಿ ಪಡಸಾಲೆಗೆ ಕರೆತಂದು ಕೂರಿಸಿದ್ದರಿಂದ ಅಷ್ಟಾದರೂ ಉಳಿಯಿತು.

ಸಾಗಣೆಯೇನೋ ಸುಸೂತ್ರವಾಗಿಯೇ ಆಯಿತು. ಊಟ ಮಾಡಿ ಒಂದು ಜೊಂಪು ತೆಗೆದು ಏಳುವಷ್ಟರಲ್ಲಿ ಎಲ್ಲವೂ ಹೊಸ ಯಂತ್ರದಲ್ಲಿದ್ದಿತು. ಎಣಿಸಿ ನೋಡಿದೆ, ಒಂದು ಫೈಲೂ ಕಡಮೆಯಾಗಿರಲಿಲ್ಲ. ಸಂತೋಷದಿಂದ ಹಾಡು ನುಡಿಸುವ ಪ್ರೋಗ್ರಾಮನ್ನು ತೆರೆದವನು ಹಾಗೆಯೇ ಕೈಚೆಲ್ಲಿ ಕುಳಿತೆ. ಬೆಳಗಿನ ರಾಗಗಳು, ದಾಸರ ಪದಗಳು, ಚೌಡಯ್ಯನವರ ಪಿಟೀಲು ಪಕ್ಕವಾದ್ಯವಾಗಿರುವ ಕಚೇರಿಗಳು ಎಂದು ನಾನು ಬಿಡುವಿನ ವೇಳೆಯಲ್ಲೆಲ್ಲ ಕೂತು ಮಾಡಿದ್ದ ಪಟ್ಟಿಗಳಲ್ಲಿ ಒಂದೂ ಇರಲಿಲ್ಲ. ಯಾವ ಹಾಡು ಯಾವ ವರ್ಷ ಮನೆಗೆ ಬಂದಿತೆಂಬ ದಾಖಲೆ ಇರಲಿಲ್ಲ. ಎಲ್ಲವೂ ಅಂದು ಮಧ್ಯಾಹ್ನವೇ ಹುಟ್ಟಿದ ಹಾಗಿದ್ದುವು. ಕ್ಯಾಸೆಟ್ಟಿನಿಂದ ಇಳಿಸಿದ ಕಚೇರಿಗಳು ಟ್ರ್ಯಾಕ್ 1, ಟ್ರ್ಯಾಕ್ 2 ಎಂದು ಕೈದಿಗಳಂತೆ ನಂಬರು ತೊಟ್ಟು ಸಾಲಾಗಿ ನಿಂತಿದ್ದುವು. ನಮ್ಮ ತಾಯಿಯ ಹದಿನಾಲ್ಕು ಹಾಡುಗಳ ಮುಂದೆ ಇಂಗ್ಲಿಷಿನಲ್ಲಿ, ‘ಅಪರಿಚಿತ ಕಲಾವಿದರು’ ಎಂಬ ಅರ್ಥದ ಎರಡು ಮಾತುಗಳಿದ್ದುವು.

ಹೀಗೇಕಾಯಿತೆಂದು ವಿಚಾರಿಸಿದಾಗ ತಿಳಿದ ಸಂಗತಿಯನ್ನು ವಾಚಕರ ಮುಂದಿಡುತ್ತೇನೆ. ನಾವು ಹಾಡಿಗೆ ಹೆಸರು ಬರೆಯುವಾಗ, ಆ ಹೆಸರು ಹಾಡಿನ ಫೈಲಿನಲ್ಲೇ ಸೇರುತ್ತದೆಂದು ನಂಬಿ ಬರೆಯುತ್ತೇವೆ. ಕೆಲವು ಬಗೆಯ ಫೈಲುಗಳಲ್ಲಿ ಅದು ನಿಜ. ಆದರೆ ಕ್ಯಾಸೆಟ್ಟಿನಿಂದ ಇಳಿಸಿದವು ವೇವ್ ಎಂಬ ಬಗೆಯವು. ಅವುಗಳ ವಿವರವನ್ನು ನನ್ನ ಪ್ರೋಗ್ರಾಮು ಫೈಲಿನೊಳಕ್ಕೆ ಹಾಕದೆ ತನ್ನದೇ ಆದ ಒಂದು ಖಾತೆಯಲ್ಲಿ ಬರೆದಿಟ್ಟುಕೊಳ್ಳುತ್ತಿದ್ದಿತು. ಪಟ್ಟಿಗಳು, ನಾನು ಕೊಟ್ಟ ನಕ್ಷತ್ರಗಳು, ಬಂದ ತಾರೀಖುಗಳು ಇವೆಲ್ಲವೂ ಅದೇ ಖಾತೆಯಲ್ಲಿ. ಆ ಖಾತೆಯನ್ನೂ ನಾನು ಜೊತೆಗೆ ತಂದೆ. ಹೊಸ ಪ್ರೋಗ್ರಾಮು ಅದನ್ನು ಓದಲಿಲ್ಲ. ಹಳೆಯ ಶಾನುಭೋಗರು ಮೋಡಿ ಲಿಪಿಯಲ್ಲಿ ಬರೆದಿಟ್ಟ ಕಡತ ಈಗಿನ ಗುಮಾಸ್ತೆಯ ಕೈಗೆ ಬಂದಂತಾಯಿತು. ಅಕ್ಷರವೆಲ್ಲ ಇದೆ, ಓದುವವರಿಲ್ಲ.

ಹಾಡಿನಿಂದ ಹಾಡಿನ ವಿವರವನ್ನು ಬೇರ್ಪಡಿಸಿ, ಹಾಡನ್ನು ಕೇಳುವವನ ಬಳಿ ಬಿಟ್ಟು ವಿವರವನ್ನು ತನ್ನ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುವ ಈ ಪದ್ಧತಿ ಅನ್ಯಾಯದ್ದು. ಈ ಲೇಖನದಲ್ಲಿ ನಾನು ಹೇಳಹೊರಟದ್ದು ಇಷ್ಟನ್ನೇ.

ಗಣಕವಿದ್ಯೆ ಬಲ್ಲ ಮಿತ್ರರು ಇದಕ್ಕೆ ಒಂದು ಸಮಾಧಾನ ಹೇಳುತ್ತಾರೆ. ತಪ್ಪು ನನ್ನದೇ ಅಂತೆ. ಹಳೆಯ ಯಂತ್ರ ಮುಚ್ಚುವ ಮೊದಲೇ ಖಾತೆಯನ್ನು ಬೇರೆ ರೂಪಕ್ಕೆ ಇಳಿಸಿಕೊಳ್ಳಬೇಕಾಗಿದ್ದಿತಂತೆ. ಅದಕ್ಕೆ ಪ್ರೋಗ್ರಾಮಿನಲ್ಲಿ ಬಾಗಿಲು ಇದೆಯಂತೆ. ಇದೆ, ಒಪ್ಪುತ್ತೇನೆ; ಹುಡುಕಿ ಕಂಡುಕೊಂಡೆ ಕೂಡ. ಹಾಡು ಕೊಳ್ಳುವುದಕ್ಕೆ ಬೀದಿಗೆದುರಾಗಿ ಹೆಬ್ಬಾಗಿಲು ಇಟ್ಟವರು ಖಾತೆಯನ್ನು ಹೊರಕ್ಕೆ ಒಯ್ಯುವುದಕ್ಕೆ ಮಾತ್ರ ಹಿತ್ತಲಲ್ಲಿ, ಕತ್ತಲೆಯ ಮೂಲೆಯಲ್ಲಿ ಒಂದು ಕಿಂಡಿ ಬಿಟ್ಟಿದ್ದಾರೆ. ಬ್ಯಾಂಕಿನ ಶಾಖೆ ಬದಲಾದರೆ ನನ್ನ ಖಾತೆಯನ್ನು ಸಾಗಿಸುವುದು ಬ್ಯಾಂಕಿನ ಕೆಲಸವಾಗುತ್ತದೆ. ಲೆಡ್ಜರು ನಕಲು ಮಾಡಿಕೊಳ್ಳದಿದ್ದುದು ನಿಮ್ಮ ತಪ್ಪೆಂದು ಯಾವ ಮ್ಯಾನೇಜರೂ ಹೇಳುವುದಿಲ್ಲ. ಹಾಡಿನ ವಿಷಯದಲ್ಲಿ ಮಾತ್ರ ಈ ಉಪದೇಶವನ್ನು ನಾವು ತಲೆ ತಗ್ಗಿಸಿ ಕೇಳಬೇಕೇಕೆ?

ನಮ್ಮ ಅಕ್ಕನ ಮಗ ಹೇಳುವ ಸಮಾಧಾನ ಇನ್ನೂ ಸುಲಭದ್ದು. “ಯಾಕೆ ಮಾವ, ಇಷ್ಟನ್ನೆಲ್ಲ ಹೊತ್ತುಕೊಂಡು ತಿರುಗ್ತೀರಿ? ತಿಂಗಳಿಗೆ ನೂರು ಚಿಲ್ಲರೆ ರೂಪಾಯಿ ಕಟ್ಟಿದರೆ ಲೋಕದ ಸಂಗೀತವೆಲ್ಲ ಫೋನಿಗೇ ಬರುತ್ತಲ್ಲ!” ಎಂದ. ಹುಡುಗ ಒಳ್ಳೆಯವನು, ಹಳೆಯ ಯಂತ್ರದಿಂದ ಡಿಸ್ಕನ್ನು ಬಿಚ್ಚಿಕೊಟ್ಟವನೂ ಅವನೇ. ಆದರೆ ಅವನ ಮಾತನ್ನು ನಾನು ಒಪ್ಪಲಾರೆ. ಬಾಡಿಗೆಯ ಪುಸ್ತಕಾಲಯದಿಂದ ಕಾದಂಬರಿ ತಂದು ಓದಿದವರ ಪೈಕಿ ನಾನೂ ಒಬ್ಬ. ಬಾಡಿಗೆಯನ್ನು ಹಳಿಯುವ ಉದ್ದೇಶ ನನಗಿಲ್ಲ. ಆದರೆ ಆ ಪುಸ್ತಕಾಲಯದವನು, ಇನ್ನು ನಿಮ್ಮ ಮನೆಯ ಬೀರುವಿನಲ್ಲಿರುವ ಪುಸ್ತಕಗಳನ್ನು ರದ್ದಿಗೆ ಹಾಕಿ ಎಂದು ಎಂದೂ ಹೇಳಲಿಲ್ಲ.

ಬಾಡಿಗೆಯ ಅಂಗಡಿ ಎಷ್ಟು ದಿನ ತೆರೆದಿರುತ್ತದೆಂಬುದನ್ನೂ ನೋಡಬೇಕಷ್ಟೆ. ಗೂಗಲ್ ಸಂಸ್ಥೆ ತನ್ನ ಪ್ಲೇ ಮ್ಯೂಸಿಕ್ ಅಂಗಡಿಯನ್ನು 2020ರ ಡಿಸೆಂಬರಿನಲ್ಲಿ ಮುಚ್ಚಿತು. ನಮ್ಮ ದೇಶದಲ್ಲೇ ರೆಸ್ಸೊ 2024ರ ಜನವರಿಯಲ್ಲಿ ಮುಚ್ಚಿತು. ಅದೇ ವರ್ಷ ಏರ್‌ಟೆಲ್ಲಿನವರ ವಿಂಕ್ ಕೂಡ ಮುಚ್ಚಿತು. ಅಂಗಡಿ ತೆರೆದಿದ್ದರೂ ಸರಕು ಇದ್ದೇ ಇರುತ್ತದೆಂಬ ಭರವಸೆ ಇಲ್ಲ. 2023ರ ಮಾರ್ಚಿಯಲ್ಲಿ ಜೀ ಸಂಸ್ಥೆಯ ಹಾಡುಗಳು ಸ್ಪಾಟಿಫೈಯಿಂದ ಮಾಯವಾದುವು. ಇಬ್ಬರು ವ್ಯಾಪಾರಿಗಳಿಗೆ ದರ ಕುದುರಲಿಲ್ಲ, ಕೇಳುವವರ ಪಟ್ಟಿಗಳಲ್ಲಿ ಹಾಡುಗಳ ಜಾಗ ಬರಿದಾಯಿತು. ಮೈಸ್ಪೇಸ್ ಎಂಬ ತಾಣವಂತೂ 2015ಕ್ಕೆ ಹಿಂದೆ ಹನ್ನೆರಡು ವರ್ಷಗಳಲ್ಲಿ ಲಕ್ಷಾಂತರ ಕಲಾವಿದರು ಒಪ್ಪಿಸಿದ್ದ ಸಂಗೀತ ಯಂತ್ರದಿಂದ ಯಂತ್ರಕ್ಕೆ ಸಾಗಿಸುವಾಗ ನಷ್ಟವಾಯಿತೆಂದು 2019ರಲ್ಲಿ ಒಪ್ಪಿಕೊಂಡಿತು. ನನ್ನ ಮೇಜಿನ ಮೇಲೆ ಆದ ಸಾಗಣೆಯೇ ಅಲ್ಲಿಯೂ ಆದದ್ದು. ನಾನು ಹೆಸರುಗಳನ್ನು ಕಳೆದುಕೊಂಡೆ. ಅವರು ಹಾಡುಗಳನ್ನೇ ಕಳೆದರು.

ಬಾಡಿಗೆ ಬೇಡ, ಕೊಂಡುಕೊಂಡರಾಯಿತು ಎನ್ನುವವರು 2008ನೆಯ ಇಸವಿಯನ್ನು ನೆನೆಯಬೇಕು. ಮೈಕ್ರೋಸಾಫ್ಟಿನವರ ಎಂ.ಎಸ್.ಎನ್. ಮ್ಯೂಸಿಕ್ ಅಂಗಡಿಯಲ್ಲಿ ಜನ ದುಡ್ಡು ಕೊಟ್ಟು ಹಾಡು ಕೊಂಡಿದ್ದರು. ಆ ಹಾಡುಗಳಿಗೆ ಬೀಗವಿದ್ದಿತು. ಬೀಗದ ಕೈ ಅಂಗಡಿಯವನ ಯಂತ್ರದಲ್ಲಿದ್ದಿತು. ಆಗಸ್ಟಿನ ನಂತರ ಕೈ ಕೊಡುವುದಿಲ್ಲ, ಅಂದರೆ ಆಮೇಲೆ ನೀವು ಹೊಸ ಕಂಪ್ಯೂಟರಿಗೆ ಹೋದರೆ ನಿಮ್ಮ ಹಾಡು ನುಡಿಯುವುದಿಲ್ಲ ಎಂದು ಆ ವರ್ಷದ ಏಪ್ರಿಲಿನಲ್ಲಿ ಪತ್ರ ಬಂದಿತು. ಜನ ಗಲಾಟೆ ಎಬ್ಬಿಸಿದ ಮೇಲೆ 2011ರ ಕೊನೆಯವರೆಗೆ ಗಡುವು ಮುಂದೆ ಹೋಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಯಾಹೂ ಕೂಡ ಇಂಥದೇ ಅಂಗಡಿಯನ್ನು ಮುಚ್ಚಿತು. ಆಪಲ್ ಸಂಸ್ಥೆ 2003ರಿಂದ ಬೀಗ ಹಾಕಿಯೇ ಮಾರುತ್ತಿದ್ದುದು, ಐದು ಕಂಪ್ಯೂಟರುಗಳಿಗಿಂತ ಹೆಚ್ಚಿಗೆ ಅಪ್ಪಣೆಯಿಲ್ಲವೆಂದು ಕಟ್ಟು ಮಾಡಿದ್ದುದು, 2009ರಲ್ಲಿ ಬೀಗ ತೆಗೆಯಿತು. ಕೇಳುವವರ ಗಲಾಟೆ ವ್ಯರ್ಥವಾಗುವುದಿಲ್ಲವೆಂಬುದಕ್ಕೆ ಈ ಚರಿತ್ರೆಯೇ ಸಾಕ್ಷಿ. ಫೈಲಿನ ಬೀಗ ಹೋಯಿತು. ವಿವರದ ಬೀಗ ಉಳಿಯಿತು. ಅದಕ್ಕಾಗಿ ಯಾರೂ ಇನ್ನೂ ಗಲಾಟೆ ಮಾಡಿಲ್ಲ.

ಈ ವಿವರ ಎಷ್ಟು ಬೆಲೆಬಾಳುವ ವಸ್ತುವೆಂಬುದು ವ್ಯಾಪಾರಿಗಳಿಗೆ ಚೆನ್ನಾಗಿ ಗೊತ್ತು. ಸಾಮಾನ್ಯವಾದ ಸಿ.ಡಿ.ಯಲ್ಲಿ ಹಾಡಿನ ಹೆಸರೇ ಇರುವುದಿಲ್ಲ. ಬರಿಯ ಧ್ವನಿ ಮಾತ್ರ. ಹಾಗಿದ್ದರೆ ಕಂಪ್ಯೂಟರಿನೊಳಕ್ಕೆ ಸಿ.ಡಿ. ಹಾಕಿದೊಡನೆ ಹೆಸರುಗಳು ಎಲ್ಲಿಂದ ಬರುತ್ತವೆ? 1993ರ ಸುಮಾರಿಗೆ ಅಮೆರಿಕದಲ್ಲಿ ಸಿ.ಡಿ.ಡಿ.ಬಿ. ಎಂಬ ಒಂದು ಸಾರ್ವಜನಿಕ ಪಟ್ಟಿ ಆರಂಭವಾಯಿತು. ಸಂಗೀತಪ್ರಿಯರು ತಮ್ಮ ತಮ್ಮ ಮನೆಯಲ್ಲಿ ಕುಳಿತು ಹಾಡುಗಳ ಹೆಸರನ್ನು ಬಿಟ್ಟಿಯಾಗಿ ಬರೆದು ಕಳಿಸಿದರು. ಒಬ್ಬರು ಬರೆದುದು ಎಲ್ಲರಿಗೂ ಒದಗುತ್ತಿದ್ದಿತು. 1998ರಲ್ಲಿ ಪಟ್ಟಿ ಮಾರಾಟವಾಯಿತು. 2000ದಲ್ಲಿ ಗ್ರೇಸ್‌ನೋಟ್ ಎಂದು ಹೆಸರು ಬದಲಾಯಿಸಿಕೊಂಡು ಉಪಯೋಗಕ್ಕೆ ಕರಾರು ಹಾಕತೊಡಗಿತು. 2008ರಲ್ಲಿ ಸೋನಿ ಸಂಸ್ಥೆ ಅದನ್ನು 26 ಕೋಟಿ ಡಾಲರಿಗೆ ಕೊಂಡುಕೊಂಡಿತು. ಊರವರೆಲ್ಲ ಸೇರಿ ತೋಡಿದ ಬಾವಿಗೆ ಒಬ್ಬನು ಬೇಲಿ ಹಾಕಿ ಕೊಡಕ್ಕಿಷ್ಟೆಂದು ದರ ಕಟ್ಟಿದಂತಾಯಿತು. ಇದನ್ನು ಕಂಡು ಮನನೊಂದವರು ಮ್ಯೂಸಿಕ್‌ಬ್ರೈನ್ಜ್ ಎಂಬ ಬೇರೆ ಬಾವಿ ತೋಡಿದರು. ಅದು ಇಂದಿಗೂ ಎಲ್ಲರಿಗೂ ತೆರೆದಿದೆ. ಅದಕ್ಕೆ ಸೇರಿದವರಿಗೆ ನಮಸ್ಕಾರ.

ಇನ್ನು ಫೈಲಿನೊಳಗೇ ವಿವರ ಬರೆಯುವ ಚೀಟಿಯ ವಿಷಯ. ಎಂ.ಪಿ.3 ಬಗೆಯ ಫೈಲುಗಳಿಗೆ 1996ರಲ್ಲಿ ಎರಿಕ್ ಕೆಂಪ್ ಎಂಬವರು ಐ.ಡಿ.3 ಎಂಬ ಉಪಾಯ ಹುಡುಕಿದರು. ಫೈಲಿನ ಬಾಲಕ್ಕೆ 128 ಬೈಟಿನ ಒಂದು ಚೀಟಿ. ಅದರಲ್ಲಿ ಹಾಡಿಗೆ 30, ಹಾಡಿದವರಿಗೆ 30, ಆಲ್ಬಮ್ಮಿಗೆ 30, ಷರಾಕ್ಕೆ 30, ಇಸವಿಗೆ 4, ಸಂಗೀತದ ಜಾತಿಗೆ 1. ಕನ್ನಡವನ್ನು ಈಗಿನ ರೂಢಿಯಾದ ಯು.ಟಿ.ಎಫ್.-8 ಕ್ರಮದಲ್ಲಿ ಬರೆದರೆ ಒಂದೊಂದು ಸಂಕೇತಕ್ಕೆ 3 ಬೈಟು ಬೇಕು. ವಾಸುದೇವಾಚಾರ್ಯ ಎಂಬ ಒಂದು ಹೆಸರಿಗೇ 39 ಆಯಿತು. ಮೈಸೂರಿನ ಆ ಮಹಾನುಭಾವರು ಈ ಚೀಟಿಯಲ್ಲಿ ‘ವಾಸುದೇವಾಚಾ’ ಎಂಬಲ್ಲಿಗೆ ನಿಲ್ಲಬೇಕಾಗುತ್ತದೆ. ಜಾತಿಯ ಪಟ್ಟಿಯಲ್ಲಿ ಮೊದಲಿಗೆ 80 ಹೆಸರುಗಳಿದ್ದುವು. ಪೋಲ್ಕ ಇದ್ದಿತು, ಡೆತ್ ಮೆಟಲ್ ಇದ್ದಿತು. ಕರ್ನಾಟಕ ಸಂಗೀತವಾಗಲಿ ಹಿಂದೂಸ್ತಾನಿಯಾಗಲಿ ಇರಲಿಲ್ಲ. ನಮ್ಮನ್ನು ‘ಎಥ್ನಿಕ್’ ಎಂಬ ಛತ್ರದಲ್ಲಿ ಇಳಿದುಕೊಳ್ಳಿ ಎಂದರು.

ಚೀಟಿ ಮುಂದೆ ದೊಡ್ಡದಾಯಿತು. ಈಗ ಕನ್ನಡದಲ್ಲಿ ಎಷ್ಟು ಉದ್ದಕ್ಕೆ ಬೇಕಾದರೂ ಬರೆಯಬಹುದು. ರಚಿಸಿದವರಿಗೆ ಒಂದು ಕೋಣೆ ಇದೆ, ಜೊತೆಗೂಡಿ ನುಡಿಸಿದವರ ಪಟ್ಟಿಗೂ ಒಂದು ಮೂಲೆ ಇದೆ. ರಾಗಕ್ಕೆ, ತಾಳಕ್ಕೆ ಮಾತ್ರ ಇಂದಿಗೂ ಗೊತ್ತಾದ ಜಾಗವಿಲ್ಲ. ತೋಡಿಯನ್ನು ಒಬ್ಬರು ಷರಾದಲ್ಲಿ ಬರೆದರೆ ಇನ್ನೊಬ್ಬರು ಹಾಡಿನ ಹೆಸರಿಗೆ ಬಾಲವಾಗಿ ಕಟ್ಟುತ್ತಾರೆ. ಆ ಬಾಲ ಒಂದು ಪ್ರೋಗ್ರಾಮಿಗೆ ಕಂಡರೆ ಇನ್ನೊಂದಕ್ಕೆ ಕಾಣದು. ಮೂರು ನಿಮಿಷದ ಹಾಡುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದ ಮನೆಯಲ್ಲಿ ಮೂರು ಗಂಟೆಯ ಕಚೇರಿ ಹೇಗೆ ಸಂಸಾರ ಮಾಡೀತು? ಸಾಗಣೆಯ ಮರುದಿನ ನನ್ನ ಯಂತ್ರ ಒಂದು ಕಚೇರಿಯನ್ನು ಅಕಾರಾದಿಯಾಗಿ ಜೋಡಿಸಿ, ಮಂಗಳವನ್ನು ಮೊದಲು ಹಾಡಿಸಿ ವರ್ಣವನ್ನು ಕೊನೆಗೆ ಹಾಡಿಸಿತು. ಇನ್ನೊಂದರಲ್ಲಿ ಆಲಾಪನೆಗೂ ಕೃತಿಗೂ ನಡುವೆ ಎರಡು ಕ್ಷಣ ಉಸಿರು ಕಟ್ಟಿ ನಿಂತಿತು. ಹಾಡಿದವರು ನಿಂತಿರಲಿಲ್ಲ.

ಎಲ್ಲ ತಪ್ಪನ್ನೂ ಸಮುದ್ರದಾಚೆಯವರ ತಲೆಗೆ ಕಟ್ಟುವುದು ಸುಲಭ. ಆದರೆ ನಮ್ಮ ಪಾಲೂ ಕಡಮೆಯೇನಲ್ಲ. ನಮ್ಮಲ್ಲೇ ತಯಾರಾದ ಸಿ.ಡಿ.ಗಳನ್ನು ತಿರುಗಿಸಿ ನೋಡಿ. ಹಾಡುವವರ ಚಿತ್ರ ಅಂಗೈಯಗಲ. ಮೃದಂಗ ನುಡಿಸಿದವರ ಹೆಸರು ಎಷ್ಟೋ ಸಲ ಇಲ್ಲವೇ ಇಲ್ಲ. ಭಾವಗೀತೆಯ ಸಂಗ್ರಹದಲ್ಲಿ ಗಾಯಕರ ಹೆಸರಿದ್ದರೆ ಕವಿಯ ಹೆಸರಿರುವುದಿಲ್ಲ. ಧ್ವನಿಮುದ್ರಣದ ತಾರೀಖಂತೂ ದೇವರಿಗೇ ಗೊತ್ತು. ಮನೆಯಲ್ಲಿ ನಾವು ಮಾಡುವುದೇನು? ಕ್ಯಾಸೆಟ್ಟಿನ ಮೇಲೆ ‘ಸಂಗೀತ - 2’ ಎಂದು ಪೆನ್ಸಿಲಿನಲ್ಲಿ ಗೀಚಿ ಅಟ್ಟಕ್ಕೆ ಹಾಕುತ್ತೇವೆ. ನಾನೂ ಒಂದು ಜಾಣತನ ಮಾಡಿದ್ದೆ: ಎಲ್ಲ ಕಚೇರಿಗಳ ವಿವರವನ್ನು ಆ ಕಾಲದ ಒಂದು ಕನ್ನಡ ಅಕ್ಷರಜೋಡಣೆಯಲ್ಲಿ ಬೆರಳಚ್ಚು ಮಾಡಿಟ್ಟಿದ್ದೆ. ಹೊಸ ಯಂತ್ರದಲ್ಲಿ ಆ ಅಕ್ಷರ ಇಲ್ಲದ್ದರಿಂದ, ತೆರೆದಾಗ ಕಂಡದ್ದು ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಕಲಸಿದ ಚಿತ್ರಾನ್ನ. ಹಳೆಯ ಅಕ್ಷರವನ್ನು ಹುಡುಕಿ ತಂದು, ಯೂನಿಕೋಡಿಗೆ ಪರಿವರ್ತಿಸಿ, ಎರಡು ವಾರ ಕೂತು ಸರಿಮಾಡಿದೆ. ಆ ಪಟ್ಟಿಯಿಂದ ಮಾವನ ಕಚೇರಿಗಳು ಬದುಕಿದುವು. ತಾಯಿಯ ಹಾಡುಗಳು ಅದರಲ್ಲಿರಲಿಲ್ಲ. ಮನೆಯ ಹಾಡಿಗೆ ಪಟ್ಟಿ ಏಕೆಂದು ಬಿಟ್ಟಿದ್ದೆ.

ಹೆಸರು ಹಾಡಿನೊಳಗೇ ಇರಬೇಕೆಂಬುದು ಹೊಸ ವಿಚಾರವೇನಲ್ಲ. 1902ರ ನವೆಂಬರಿನಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬ ಗ್ರಾಮಫೋನ್ ತಜ್ಞ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಗಾಯನವನ್ನು ಮುದ್ರಿಸಿಕೊಂಡ. ಆಗಿನ ತಟ್ಟೆಗಳು ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿಯ ಕೆಲಸಗಾರರಿಗೆ ಯಾವ ತಟ್ಟೆ ಯಾರದೆಂದು ತಿಳಿಯಬೇಕಲ್ಲ! ಆದುದರಿಂದ ಹಾಡು ಮುಗಿದೊಡನೆ ಆಕೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ತಾವೇ ಕೂಗಿ ಹೇಳುತ್ತಿದ್ದರು. ಆ ಕೂಗನ್ನು ಇಂದಿಗೂ ಕೇಳಬಹುದು. ಆ ತಟ್ಟೆ ಎಷ್ಟು ಕೈ ದಾಟಿತೋ, ಮೇಲಿನ ಚೀಟಿ ಎಷ್ಟು ಸಲ ಹರಿಯಿತೋ. ತಟ್ಟೆಯಿಂದ ಟೇಪಿಗೆ, ಟೇಪಿನಿಂದ ಸಿ.ಡಿ.ಗೆ, ಅಲ್ಲಿಂದ ಕಂಪ್ಯೂಟರಿಗೆ ಬಂದರೂ ಹೆಸರು ಹಾಡನ್ನು ಬಿಟ್ಟು ಹೋಗಿಲ್ಲ. ಆಕೆ ಕೊನೆಯ ದಿನಗಳಲ್ಲಿ ಮೈಸೂರಿಗೆ ಬಂದು ಅರಮನೆಯ ಆಶ್ರಯದಲ್ಲಿದ್ದು 1930ರ ಜನವರಿಯಲ್ಲಿ ಅಲ್ಲಿಯೇ ತೀರಿಕೊಂಡರು. ನೂರಿಪ್ಪತ್ತು ವರ್ಷಗಳ ಹಿಂದೆ ಮೇಣದ ಮೇಲೆ ಮುಳ್ಳಿನಿಂದ ಗೀರಿ ಸಾಧಿಸಿದುದನ್ನು ಇಂದಿನ ಯಂತ್ರಗಳು ಸಾಧಿಸಲಾರವೆಂದರೆ ನಂಬುವವರು ಯಾರು? ಸಾಧಿಸಲು ಅವರಿಗೆ ಇಷ್ಟವಿಲ್ಲ; ಖಾತೆ ಅವರ ಕೈಯಲ್ಲಿರುವವರೆಗೆ ಗಿರಾಕಿ ಬೇರೆ ಅಂಗಡಿಗೆ ಹೋಗಲಾರ.

ಇನ್ನೊಂದು ಮಾತು. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಧ್ವನಿಮುದ್ರಣದ ಹಕ್ಕು, ಅದು ಪ್ರಕಟವಾದ ಮರುವರ್ಷದಿಂದ 60 ವರ್ಷ. ಆಮೇಲೆ ಅದು ಎಲ್ಲರ ಸ್ವತ್ತು. 1964ರಲ್ಲಿ ಪ್ರಕಟವಾದ ತಟ್ಟೆಗಳು 2025ರ ಆರಂಭದಲ್ಲಿ ಹೀಗೆ ಲೋಕಕ್ಕೆ ಸೇರಿದುವು. ಸೇರಿದ ಸ್ವತ್ತು ಕೈಗೆ ಸಿಗಬೇಕಾದರೆ ಯಾರ ಮನೆಯಲ್ಲಾದರೂ ಒಂದು ಪ್ರತಿ ಇರಬೇಕಷ್ಟೆ. ಹಳೆಯ ಕನ್ನಡ ನಾಟಕದ ತಟ್ಟೆಗಳನ್ನು ಇಂದು ಕೇಳಲು ಸಾಧ್ಯವಾಗಿರುವುದು ಅವನ್ನು ಅಟ್ಟದ ಮೇಲೆ ಜೋಪಾನ ಮಾಡಿದ ಮಹನೀಯರಿಂದ. ಇವತ್ತಿನ ಹಾಡುಗಳೆಲ್ಲ ಬಾಡಿಗೆಯ ಅಂಗಡಿಯಲ್ಲೇ ಉಳಿದರೆ, 60 ವರ್ಷಗಳ ನಂತರ ಕಾಯಿದೆ ನಮ್ಮ ಮೊಮ್ಮಕ್ಕಳಿಗೆ ಕೊಡುವುದು ಖಾಲಿ ಪೆಟ್ಟಿಗೆಯ ಮೇಲಣ ಹಕ್ಕನ್ನು. ಅಕ್ಕನ ಮಗನಿಗೆ ನಾನು ಹೇಳಿದ ಉತ್ತರವೂ ಇದೇ. ಅವನು ಒಪ್ಪಿದನೋ ಇಲ್ಲವೋ, ಮರುವಾದ ಹೂಡಲಿಲ್ಲ.

ಹಾಗಾದರೆ ಆಗಬೇಕಾದುದೇನು? ಹಾಡು ನುಡಿಸುವ ಪ್ರೋಗ್ರಾಮು ಮಾಡುವವರು, ನಾವು ಬರೆದ ವಿವರವನ್ನು ಹಾಡಿನ ಫೈಲಿನೊಳಗೇ ಬರೆಯಲಿ. ಆಗದಿದ್ದರೆ ಪಕ್ಕದಲ್ಲೇ ಯಾರು ಬೇಕಾದರೂ ಓದಬಲ್ಲ ಸಾದಾ ಬರಹದ ಫೈಲಿನಲ್ಲಿ ಇಡಲಿ. ಸಂಗೀತ ಮಾರುವವರು ರಾಗ, ತಾಳ, ವಾಗ್ಗೇಯಕಾರ, ಪಕ್ಕವಾದ್ಯ, ಮುದ್ರಣದ ಇಸವಿ ಇಷ್ಟನ್ನು ಕನ್ನಡದಲ್ಲಿ ಬರೆದು ಮಾರಲಿ. ನಮ್ಮ ಸಂಗೀತ ನೃತ್ಯ ಅಕಾಡೆಮಿಯಂಥ ಸಂಸ್ಥೆ ವಿದ್ವಾಂಸರನ್ನೂ ಗಣಕ ಬಲ್ಲವರನ್ನೂ ಒಂದು ದಿನ ಕೂಡಿಸಿ, ರಾಗ ತಾಳಗಳನ್ನು ಚೀಟಿಯಲ್ಲಿ ಎಲ್ಲಿ, ಹೇಗೆ ಬರೆಯಬೇಕೆಂದು ಒಂದು ಕ್ರಮ ಗೊತ್ತುಮಾಡಲಿ. ಇದಕ್ಕೆ ಬೇಕಾದುದು ಒಂದು ಕೊಠಡಿ, ಒಂದು ದಿನ ಮತ್ತು ಎರಡು ಸಲ ಕಾಫಿ. ಮನೆಯವರು ಹೊಸ ಯಂತ್ರ ತಂದಾಗ ಹಳೆಯದನ್ನು ಕೂಡಲೇ ಮಾರದಿರಲಿ. ಮೂರು ಪ್ರತಿ ಇರಲಿ, ಎರಡು ಬೇರೆ ಬೇರೆ ಬಗೆಯ ಸಾಧನದಲ್ಲಿ. ಒಂದು ಪ್ರತಿ ಬೇರೆ ಮನೆಯಲ್ಲಿ. ಫೈಲಿನ ಹೆಸರಿನಲ್ಲೇ ಹಾಡಿದವರ ಹೆಸರಿರಲಿ. ಹೆಸರು ಯಾವ ಪ್ರೋಗ್ರಾಮಿನ ದಾಕ್ಷಿಣ್ಯಕ್ಕೂ ಕಾಯುವುದಿಲ್ಲ.

ನಾನು ಮಾಡಿದುದನ್ನೂ ಹೇಳಿ ಮುಗಿಸುತ್ತೇನೆ. ಮೈಸೂರಿನಲ್ಲಿರುವ ನಮ್ಮ ಚಿಕ್ಕಮ್ಮನಿಗೆ ಈಗ ಎಂಬತ್ತಾರು. ಹದಿನಾಲ್ಕು ಹಾಡುಗಳನ್ನೂ ಅವರ ಮುಂದೆ ಕೂತು ಕೇಳಿಸಿದೆ. ಹನ್ನೊಂದನ್ನು ಗುರುತಿಸಿದರು, ಒಂದು ಅಜ್ಜಿಯದು, ಒಂದು ತೀರ್ಥಹಳ್ಳಿಯ ಕಡೆಯಿಂದ ಸೊಸೆಯಾಗಿ ಬಂದ ದೊಡ್ಡಮ್ಮ ತಂದದ್ದು ಎಂದೆಲ್ಲ ಹೇಳಿದರು. ಇನ್ನು ಮೂರು ಯಾವುವೆಂದು ಅವರಿಗೂ ತಿಳಿಯಲಿಲ್ಲ. “ಇನ್ನೊಂದು ಐದು ವರ್ಷ ಮೊದಲೇ ಕೇಳಬಾರದಾಗಿತ್ತೇನೋ? ನಿನ್ನ ಸೋದರತ್ತೆಗೆ ಗೊತ್ತಿತ್ತು” ಎಂದರು. ಸೋದರತ್ತೆ ಈಗ ಇಲ್ಲ.

ಊರಿಗೆ ಬಂದ ಮೇಲೆ ಒಂದೊಂದು ಹಾಡಿನ ಕೊನೆಗೂ, ಚೀಟಿಯನ್ನು ನಂಬದೆ, ನನ್ನ ಧ್ವನಿಯಲ್ಲೇ ನಾಲ್ಕು ಮಾತು ಸೇರಿಸಿದೆ: ಹಾಡಿದವರ ಹೆಸರು, ಊರು, ಇಸವಿ, ಹಾಡು ಯಾರಿಂದ ಬಂದಿತೆಂಬುದು. ಮೂರಕ್ಕೆ ಮಾತ್ರ, ಯಾರಿಂದ ಬಂದಿತೋ ತಿಳಿಯದು ಎಂದು ಹೇಳಬೇಕಾಯಿತು. ಈ ಯಂತ್ರವೂ ಆರೇಳು ವರ್ಷಕ್ಕೆ ಹಳತಾಗುತ್ತದೆ. ಆಗ ಸಾಗಿಸುವವನು ನಾನಾಗಿರಲಿ, ಅಕ್ಕನ ಮಗನಾಗಿರಲಿ, ಅವನಿಗೆ ‘ಅಪರಿಚಿತ’ ಎಂಬ ಮಾತು ಕಂಡರೂ ಹಾಡನ್ನು ಕೊನೆಯವರೆಗೆ ಕೇಳಿದರೆ ಹೆಸರು ಸಿಗುತ್ತದೆ.